ಸಿಸ್ಟರಕ್ಕನಿಗೆ ಸೊನ್ನೆ

ಪ್ರೋಗ್ರಾಮಿಂಗ್ ಹೇಳಿಕೊಡುವ ಮೇಡಮ್ಮಿಗೆ ಇಡೀ ವಿಭಾಗದಲ್ಲಿ ತಲೆ ಇರುವುದು ತನಗೊಬ್ಬಳಿಗೇ ಎಂಬ ಗಟ್ಟಿ ನಂಬಿಕೆಯಿತ್ತು. ವಿಭಾಗದ ಮುಖ್ಯಸ್ಥರಿಗೆ ಪ್ರಿಂಟರಿಗೆ ಕಾಗದ ತುಂಬಲೂ ಜವಾನ ಬೇಕು. ವಿದ್ಯಾರ್ಥಿಗಳೋ, ಅಲ್ಪವಿರಾಮವನ್ನೂ ಬಿಡದೆ ನಕಲು ಹೊಡೆಯುವುದರಲ್ಲಿ ಎತ್ತಿದ ಕೈ. ಅವರ ಅಸೈನ್‌ಮೆಂಟು ಓದಿ ಕಣ್ಣು ಯಾಕೆ ಹಾಳುಮಾಡಿಕೊಳ್ಳಬೇಕೆಂದು ಆಕೆ ತಾನೇ ಒಂದು ತಪಾಸಣೆ ಪ್ರೋಗ್ರಾಂ ಬರೆದಿಟ್ಟಿದ್ದಳು. ಅವರ ಉತ್ತರ ಅವಳ ಉತ್ತರಕ್ಕೆ ಹೊಂದಿದರೆ ಹತ್ತು, ಇಲ್ಲದಿದ್ದರೆ ಸೊನ್ನೆ. ಆರು ವರ್ಷದಿಂದ ಹೀಗೇ ನಡೆದಿತ್ತು.

ಈ ಸಲ ಕೊಟ್ಟಿದ್ದು ಪಟ್ಟಿಯೊಂದರ ಸಂಖ್ಯೆಗಳನ್ನೆಲ್ಲ ಕೂಡಿಸುವ ಪ್ರೋಗ್ರಾಂ. ನಲವತ್ತೇಳು ಜನಕ್ಕೆ ಹತ್ತಕ್ಕೆ ಹತ್ತು ಬಂತು. ಒಬ್ಬಳಿಗೆ ಸೊನ್ನೆ. ಹನ್ನೆರಡು ವರ್ಷ ನರ್ಸಾಗಿದ್ದು, ಮೂವತ್ತಾರನೆಯ ವಯಸ್ಸಿಗೆ ಬ್ಯಾಗು ಹೊತ್ತು ಓದಲು ಬಂದವಳು. ತರಗತಿಯವರು ಅವಳನ್ನು ಸಿಸ್ಟರಕ್ಕ ಎನ್ನುತ್ತಿದ್ದರು.

“ಏನಮ್ಮಾ, ಕೂಡೋ ಲೆಕ್ಕಾನೂ ಬರಲ್ವಾ ನಿಮಗೆ?” ಮೇಡಮ್ಮು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದಳು.

“ಕೈಲಿ ಕೂಡಿ ನೋಡಿದೆ ಮೇಡಂ. ನೀವು ಕೊಟ್ಟ ಐದು ಸಂಖ್ಯೆಗೆ ನೂರು ಬರುತ್ತೆ. ನಿಮ್ಮ ಉತ್ತರ ಎಂಬತ್ತು.”

ಸಿಸ್ಟರಕ್ಕ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. ಹತ್ತು, ಇಪ್ಪತ್ತು, ಮೂವತ್ತು, ಇಪ್ಪತ್ತು, ಇಪ್ಪತ್ತು. ಮೇಡಮ್ಮು ಮೂಗು ಮುರಿಯುತ್ತಲೇ ಕೂಡಿದಳು. ನೂರು. ಇನ್ನೊಂದು ಸಲ ಕೂಡಿದಳು. ಪಾಠದ ಮೂರನೇ ವಾರದ ಹಾಳೆ ತೆರೆದು ನೋಡಿದರೆ, ಅವಳೇ ಬರೆದ ಸಾಲು ಪಟ್ಟಿಯ ಕೊನೆಯ ಸಂಖ್ಯೆಗೆ ಒಂದು ಹೆಜ್ಜೆ ಮೊದಲೇ ನಿಂತುಬಿಡುತ್ತಿತ್ತು. ಕೊನೆಯದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವಳ ಕಿವಿ ಬಿಸಿಯಾಯಿತು.

“ಉಳಿದೋರಿಗೆ ಹೇಳಲಿಲ್ವಾ?”

“ಹೇಳಿದೆ. ‘ಗೊತ್ತು ಕಣಕ್ಕಾ, ಆದ್ರೆ ಮೇಡಂ ಬರೆದ ಹಾಗೇ ಬರೆದ್ರೆ ಅಂಕ’ ಅಂದ್ರು.”

ಮೇಡಮ್ಮು ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಎಲ್ಲ ಕೇಳಿ ಕನ್ನಡಕ ಒರೆಸಿದರು.

“ನಲವತ್ತೇಳು ಜನಕ್ಕೆ ಸೊನ್ನೆ ಹಾಕಿದ್ರೆ ಅವರ ಅಪ್ಪ ಅಮ್ಮ ನನ್ನ ತಲೆ ಮೇಲೆ ಕೂರ್ತಾರೆ. ಆ ಯಮ್ಮಂಗೂ ಹತ್ತು ಕೊಟ್ಟು ಕೈ ತೊಳ್ಕೊಳ್ಳಿ.”

“ಆರು ವರ್ಷದಿಂದ ಇದೇ ಹಾಳೆ ಓದಿಹೋದೋರು?”

“ಅವರೆಲ್ಲ ಕೆಲಸ ಹಿಡಿದು ನಮಗಿಂತ ಜಾಸ್ತಿ ಸಂಬಳ ತಗೋತಿದಾರೆ. ಯಾಕೆ ಕೆದಕ್ತೀರಿ?”

ಬೇರೆ ದಿನವಾಗಿದ್ದರೆ ಈ ಮನುಷ್ಯನ ಬಗ್ಗೆ ಒಂದು ವಾರಕ್ಕಾಗುವಷ್ಟು ಹೀಯಾಳಿಕೆ ಅವಳ ನಾಲಿಗೆಯ ಮೇಲೆ ಸಿದ್ಧವಿರುತ್ತಿತ್ತು. ಇವತ್ತು ಅವರ ಬಾಯಿಂದ ಇದೇ ಮಾತು ಬರಲಿ ಎಂದು ತಾನು ಬಯಸಿ ಬಂದಿದ್ದೆನೆಂದು ಹೊಳೆದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ತರಗತಿಯಲ್ಲಿ ಆ ಸಾಲನ್ನು ಬೋರ್ಡಿನ ಮೇಲೆ ಬರೆದು ಅಡ್ಡಗೆರೆ ಎಳೆದಳು. “ಇದು ತಪ್ಪು. ನಾನೇ ತಪ್ಪು ಹೇಳ್ಕೊಟ್ಟೆ. ಸಿಸ್ಟರಕ್ಕ ಬರೆದಿದ್ದು ಸರಿ.”

ಸದಾ ಮೊದಲ ಸ್ಥಾನ ಪಡೆಯುವ ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

“ಮೇಡಂ, ಪರೀಕ್ಷೆಗೆ ಹಳೇದು ಬರೀಬೇಕಾ, ಹೊಸದಾ?”

“ನಿನ್ನದು ಬರಿ!” ಮೇಡಮ್ಮಿನ ದನಿ ಸೂರಿಗೇರಿತು. “ಎಲ್ಲರೂ ಈಗಲೇ ಪೇಪರ್ ಮೇಲೆ ಬೇರೆ ಒಂದು ಬರೀರಿ. ಪಟ್ಟೀಲಿ ದೊಡ್ಡ ಸಂಖ್ಯೆ ಯಾವುದು, ಕಂಡುಹಿಡೀಬೇಕು. ತಿದ್ದೋಳು ನಾನು, ಮಿಷನ್ ಅಲ್ಲ.”

ಮಧ್ಯಾಹ್ನವೆಲ್ಲ ನಲವತ್ತೆಂಟು ಹಾಳೆ ಓದಿದಳು. ಮೂವತ್ತು ಹಾಳೆಗಳಲ್ಲಿ ಪಕ್ಕದವರ ಹಾಳೆ ಇಣುಕಿ ನೋಡಿದ ಗುರುತು ಎದ್ದು ಕಾಣುತ್ತಿತ್ತು. ನಾಲ್ಕು ಖಾಲಿ. ಮಿಕ್ಕವು ಬಹುಪಾಲು ತಪ್ಪೇ, ಆದರೆ ಒಂದು ಇನ್ನೊಂದರಂತಿರಲಿಲ್ಲ. ಅವುಗಳಲ್ಲೊಂದನ್ನು ಹಿಡಿದು, ಈ ಪುಣ್ಯಾತ್ಮ ಯಾಕೆ ಹೀಗೆ ಯೋಚಿಸಿದನೆಂದು ಆಕೆ ಅರ್ಧ ಗಂಟೆ ತಲೆ ಕೆರೆದುಕೊಂಡಳು. ಆಮೇಲೆ ಎದ್ದು ಅವನನ್ನು ಕರೆಸಿದಳು.