ಕಾರ್ಡ್ ಇಲ್ಲದ ಮಧ್ಯಾಹ್ನ

ನಾನೊಂದು ಕ್ಯಾಮೆರಾ. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟದು. ಪುಟ್ಟದೆಂದರೆ ಆಟದ ಸಾಮಾನು ಎಂದುಕೊಳ್ಳಬೇಡಿ, ನನಗೆ ಕೋಪ ಬರುತ್ತದೆ. ನನ್ನದು ಲೋಹದ ಮೈ. ಮಂದ ಬೆಳಕಿನಲ್ಲೂ ಕಣ್ಣರಳಿಸಿ ನೋಡುವ ಲೆನ್ಸು. ಬೆನ್ನಿಗೆ ಸ್ಕ್ರೀನು, ಅದರ ಮೇಲ್ಗಡೆ ಕಣ್ಣಿಟ್ಟು ನೋಡಲು ಒಂದು ಸಣ್ಣ ಕಿಂಡಿ. ಕಡಲಾಚೆಯ ಕಾರ್ಖಾನೆಯಲ್ಲಿ ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸಮಾಧಾನದಿಂದ ತಲೆಯಾಡಿಸಿ ಡಬ್ಬಿಗೆ ಹಾಕಿದಳು. ನಾನು ನೋಡಿದ ಮೊದಲ ಮುಖ ಅವಳದು.

ಡಬ್ಬಿ ಮತ್ತೆ ತೆರೆದದ್ದು ಮೈಸೂರಿನಲ್ಲಿ, ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ. ನನ್ನನ್ನು ಕೊಂಡವರು ಶ್ರೀಕಂಠಸ್ವಾಮಿಯವರು. ವಿಮಾ ಕಚೇರಿಯಲ್ಲಿ ನೌಕರಿ, ಪ್ರಾಣವೆಲ್ಲ ಫೋಟೋದಲ್ಲಿ. ಊರಿನ ಛಾಯಾಚಿತ್ರ ಹವ್ಯಾಸಿಗಳ ಕೂಟದ ಮಾಸಿಕ ಹಾಳೆಗೆ ಅವರು ಕ್ಯಾಮೆರಾಗಳ ಪರೀಕ್ಷೆ ಬರೆಯುತ್ತಿದ್ದರು. ಕೂಟದವರು ಅವರ ಬರಹ ಓದದೆ ಒಂದು ಕ್ಯಾಮೆರಾ ಬೆಲ್ಟನ್ನೂ ಕೊಳ್ಳುತ್ತಿರಲಿಲ್ಲವಂತೆ. ಅಂಥವರ ಕೈಗೆ ಬಿದ್ದೆನಲ್ಲ ಎಂದು ನನಗೆ ಹೆಮ್ಮೆ. ಜೊತೆಗೆ ಪುಕುಪುಕು.

ಅವರ ಪರೀಕ್ಷೆಯ ಕ್ರಮ ಹೀಗೆ. ಗೋಡೆಗೆ ನ್ಯೂಸ್‌ಪೇಪರಿನ ಹಾಳೆ ಅಂಟಿಸಿ, ಮೂಲೆಯ ಅಕ್ಷರಗಳೂ ಓದಲು ಬರುತ್ತವೆಯೇ ಎಂದು ನೋಡುವುದು. ದೇವರ ಕೋಣೆಯ ದೀಪದ ಬೆಳಕಲ್ಲಿ ತೆಗೆದು, ಕಪ್ಪು ಜಾಗದಲ್ಲಿ ರವೆ ಚೆಲ್ಲಿದಂತೆ ಚುಕ್ಕಿ ಏಳುತ್ತದೆಯೇ ಎಂದು ನೋಡುವುದು. ಕೊನೆಗೆ ಮೈಬಣ್ಣದ ಪರೀಕ್ಷೆ. ಅದಕ್ಕೆ ಹೆಂಡತಿ ಸರ್ವಮಂಗಳಮ್ಮನೇ ಆಗಬೇಕು. ಅವರು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಳ್ಳುತ್ತ ಬಂದು ಕಿಟಕಿಯ ಪಕ್ಕ ನಿಲ್ಲುತ್ತಿದ್ದರು. ಕೆಂಪು ಬಣ್ಣ ಸರಿಯಾಗಿ ಬರುತ್ತದೋ ಇಲ್ಲವೋ ತಿಳಿಯಲಿ ಎಂದು ಹೆಗಲ ಮೇಲೆ ಮದುವೆಯ ಸೀರೆಯ ಸೆರಗು.

ಸರ್ವಮಂಗಳಮ್ಮನ ಮುಖ ನನಗೆ ಬಹಳ ಹಿಡಿಸಿತು. ಅಗಲ ಹಣೆ, ಅದರ ಮೇಲೆ ವಿಭೂತಿ, ನಗು ತಡೆಯಲು ಹೋಗಿ ಸೋತ ತುಟಿ. ಇದ್ದ ಶಕ್ತಿಯನ್ನೆಲ್ಲ ಹಾಕಿ ತೆಗೆದೆ. ಯಜಮಾನರು ಸ್ಕ್ರೀನಿನಲ್ಲಿ ರೆಪ್ಪೆಯ ಕೂದಲನ್ನು ಹಿಗ್ಗಿಸಿ ನೋಡಿ, ಶಾರ್ಪ್ ಇಲ್ಲ ಎಂದರು. ಇನ್ನೊಂದು. ಅದೂ ಶಾರ್ಪ್ ಇಲ್ಲ. ಕೊನೆಗೊಂದು ಒಪ್ಪಿಗೆಯಾಯಿತು. ಉಳಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅದನ್ನೂ ಅಳಿಸಿಬಿಟ್ಟರು! ಟೆಸ್ಟ್ ಫೋಟೋ ಇಟ್ಟುಕೊಂಡು ಮೆಮೊರಿ ಕಾರ್ಡು ತುಂಬಿಸಬಾರದು ಎಂಬುದು ಅವರ ನಿಯಮ. ನನಗಿಂತ ಮುಂಚೆ ಆ ಮನೆಗೆ ಬಂದ ಎಲ್ಲ ಕ್ಯಾಮೆರಾಗಳೂ ಆ ಮುಖವನ್ನು ಹೀಗೇ ತೆಗೆದು ಹೀಗೇ ಕಳೆದುಕೊಂಡಿದ್ದವು.

ಅಮ್ಮನಿಗೆ ಅದರಿಂದ ಬೇಸರವಿದ್ದಂತೆ ಕಾಣಲಿಲ್ಲ. ಸೆರಗು ಮಡಚುತ್ತ ಕೇಳಿದರು.

"ರೀ, ನನ್ನನ್ನ ಬರೀ ಟೆಸ್ಟಿಗೇ ನಿಲ್ಲಿಸ್ತೀರಲ್ಲ, ಮ್ಯಾಚಿಗೆ ಯಾವಾಗ ಸೇರಿಸ್ಕೊಳ್ಳೋದು?"

ಯಜಮಾನರು ನಕ್ಕು, ಒಳ್ಳೆಯ ಬೆಳಕು ಬಂದ ದಿನ ಕೂರಿಸಿ ತೆಗೆಯುತ್ತೇನೆ ಎಂದರು. ಒಳ್ಳೆಯ ಬೆಳಕು ಬಂದ ದಿನವೆಲ್ಲ ಅವರು ಕಾರಂಜಿ ಕೆರೆಯಲ್ಲಿರುತ್ತಿದ್ದರು, ಕೊಕ್ಕರೆಯ ಮುಂದೆ.

ಅವರಿಗೆ ಇನ್ನೊಂದು ಹಟವಿತ್ತು. ಕ್ಯಾಮೆರಾವನ್ನು ಕೈಚಾಚಿ ಹಿಡಿದು ಸ್ಕ್ರೀನು ನೋಡಿಕೊಂಡು ಕ್ಲಿಕ್ಕಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹಾಗೆ ನಿಲ್ಲುತ್ತಾರೆ ಎಂದು ಬೈಯುತ್ತಿದ್ದರು. ನನ್ನ ಕಿಂಡಿ ಎಷ್ಟೇ ಚಿಕ್ಕದಾಗಿರಲಿ, ಅದಿದೆ ಎಂಬುದಕ್ಕೇ ನನಗೆ ಅರ್ಧ ಅಂಕ ಸಿಕ್ಕಿತು. ಒಮ್ಮೆ ಅಮ್ಮ ತಮಗೂ ಹೇಳಿಕೊಡಿ ಎಂದಾಗ ಯಜಮಾನರು ಅವರ ಹಿಂದೆ ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿಸಿ, ನನ್ನನ್ನು ಅವರ ಕಣ್ಣಿಗೆ ಹಚ್ಚಿದರು. ಹೀಗೆ ಹಿಡಿದರೆ ಮಾತ್ರ ಕೈ ಅಲುಗುವುದಿಲ್ಲ, ಕಣ್ಣಿಂದ ತೆಗೆಯಬಾರದು ಎಂದರು. ಅಮ್ಮನ ರೆಪ್ಪೆ ನನ್ನ ಬೆನ್ನಿಗೆ ತಾಕಿತು. ಕಚಗುಳಿಯಾಯಿತು.

ಈಗ ಆ ಮಧ್ಯಾಹ್ನದ ವಿಷಯ ಹೇಳುತ್ತೇನೆ. ಯಜಮಾನರು ನನ್ನ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿ, ನಾನು ತೆಗೆದ ನ್ಯೂಸ್‌ಪೇಪರಿನ ಮೂಲೆಗಳನ್ನು ನೋಡುತ್ತ ನನ್ನ ವಿಮರ್ಶೆ ಬರೆಯುತ್ತಿದ್ದರು. ನಾನು ಮಂಚದ ಮೇಲಿದ್ದೆ. ಅಮ್ಮ ಕಾಫಿ ತಂದಿಟ್ಟರು. ಯಜಮಾನರು ತಲೆ ಎತ್ತಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಅವರ ಬೆನ್ನನ್ನೇ ನೋಡಿ, ಮೆಲ್ಲಗೆ ನನ್ನನ್ನು ಎತ್ತಿಕೊಂಡು ಬೀರುವಿನ ಕನ್ನಡಿಯ ಮುಂದೆ ನಿಂತರು. ಮೊಣಕೈ ಪಕ್ಕೆಗೆ ಒತ್ತಿದರು. ನನ್ನನ್ನು ಕಣ್ಣಿಗೆ ಹಚ್ಚಿದರು. ಕ್ಲಿಕ್.

ಸದ್ದು ಕೇಳಿ ಯಜಮಾನರು ತಿರುಗಿದರು.

"ಅದರಲ್ಲಿ ಕಾರ್ಡ್ ಇಲ್ಲ ಕಣೆ, ಏನೂ ಬಿದ್ದಿರಲ್ಲ."

"ಹೋಗ್ಲಿ ಬಿಡಿ, ನನ್ನ ಹಣೇಲಿ ಫೋಟೋ ಬರೆದಿಲ್ಲ," ಎಂದರು ಅಮ್ಮ. ಎಲ್ಲಿತ್ತೋ ಅಲ್ಲೇ ನನ್ನನ್ನು ಇಟ್ಟು, ಒಣಗಿದ ಬಟ್ಟೆ ತರಲು ತಾರಸಿಗೆ ಹೋದರು.

ಬಿದ್ದಿತ್ತು! ನನ್ನ ಹೊಟ್ಟೆಯೊಳಗೇ ಒಂದಿಷ್ಟು ಜಾಗವಿದೆ, ಕಾರ್ಡಿಲ್ಲದಾಗ ತೆಗೆದದ್ದು ಅಲ್ಲಿ ಕೂರುತ್ತದೆ. ಕಾರ್ಡು ಹಾಕಿದೊಡನೆ ನಾನು ಕಾರ್ಡಿನಲ್ಲಿರುವುದನ್ನು ಮಾತ್ರ ತೋರಿಸುತ್ತೇನೆ, ಒಳಗಿನದು ಮರೆಯಾಗುತ್ತದೆ. ನನ್ನನ್ನು ಕಟ್ಟಿದವರು ಹಾಗೆ ಕಟ್ಟಿದ್ದಾರೆ, ನಾನೇನು ಮಾಡಲಿ. ಯಜಮಾನರಿಗೆ ಆ ಜಾಗ ಗೊತ್ತಿರಲಿಲ್ಲ ಅಂತಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆ ತಿಂಗಳ ಹಾಳೆಯಲ್ಲಿ ಅವರೇ ಬರೆದರು: ಜೇಬಿಗೆ ಒಪ್ಪುವ ಗಾತ್ರ, ಮೆಚ್ಚಬೇಕಾದ ಲೆನ್ಸು, ಫೋಕಸ್ ಕೊಂಚ ನಿಧಾನ, ಒಳಗಿನ ಮೆಮೊರಿ ಹೆಸರಿಗಷ್ಟೇ, ಅದರಿಂದ ಯಾರಿಗೂ ಉಪಯೋಗವಿಲ್ಲ. ಬರೆದು ಮುಗಿಸಿ ನನಗೆ ಕಾರ್ಡು ಹಾಕಿ ಜೇಬಿಗೆ ಸೇರಿಸಿದರು.

ಆಮೇಲೆ ಕೆಲವು ವರ್ಷ ನನ್ನ ಸುಖದ ಕಾಲ. ಯಜಮಾನರ ಜೇಬಿನಲ್ಲಿ ಕೂತು ರಂಗನತಿಟ್ಟು, ತಲಕಾಡು, ಸೋಮನಾಥಪುರ ಎಲ್ಲ ಸುತ್ತಿದೆ. ಅಮ್ಮ ಎಲ್ಲೆಡೆ ಜೊತೆಗೆ ಬರುತ್ತಿದ್ದರು. ನನ್ನ ಮೇಲೆ ಬಿಸಿಲು ಬೀಳದಂತೆ ಕೊಡೆ ಹಿಡಿಯುವುದು ಅವರ ಕೆಲಸ. ಕೊಡೆಯ ಅಂಚು ಚೌಕಟ್ಟಿನೊಳಗೆ ಬಂದರೆ, ಆಚೆ ಸರಿ ಮಂಗಳಾ, ಎನ್ನುತ್ತಿದ್ದರು ಯಜಮಾನರು. ಅವರು ಸರಿಯುತ್ತಿದ್ದರು.

ಎಲ್ಲರ ಕೈಗೂ ಒಳ್ಳೆಯ ಫೋನು ಬಂದಮೇಲೆ ನನ್ನನ್ನು ಕೇಳುವವರು ಕಡಿಮೆಯಾದರು. ಕೂಟದ ಕಾರ್ಯದರ್ಶಿ ಪುರುಷೋತ್ತಮಯ್ಯ ನಾಲ್ಕು ದಿನಕ್ಕೆಂದು ನನ್ನನ್ನು ಒಯ್ದು ಅವರ ಮನೆಯ ಟೀವಿ ಪಕ್ಕ ಮರೆತುಬಿಟ್ಟರು. ಅಲ್ಲಿದ್ದಾಗಲೇ ನನ್ನ ಕಿವಿಗೆ ಸುದ್ದಿ ಬಿದ್ದದ್ದು. ಸರ್ವಮಂಗಳಮ್ಮ ಬೆಳಗ್ಗೆ ತುಳಸಿಗೆ ನೀರು ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲವಂತೆ.

ಮಾತಾಡಿಸಲು ಹೊರಟ ಪುರುಷೋತ್ತಮಯ್ಯ, ಸಾಲ ತಂದ ವಸ್ತು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ನನ್ನನ್ನೂ ಜೇಬಿಗೆ ಹಾಕಿಕೊಂಡರು. ಕಾರ್ಡಿನಲ್ಲಿ ಅವರ ಮೊಮ್ಮಗಳ ನಾಮಕರಣದ ಫೋಟೋ ಇದ್ದವು. ಅದನ್ನು ತೆಗೆದಿಟ್ಟುಕೊಂಡು ನನ್ನನ್ನಷ್ಟೇ ತಂದು ಮೇಜಿನ ಮೇಲಿಟ್ಟರು.

ಆ ಮೇಜಿನ ಮೇಲಿಂದ ನಾನು ನೋಡಿದ್ದನ್ನು ನನ್ನ ಶತ್ರುವೂ ನೋಡಬಾರದು. ಶಿವಗಣಾರಾಧನೆಯ ಕಾರ್ಡಿಗೆ ಅಮ್ಮನ ಫೋಟೋ ಬೇಕಾಗಿತ್ತು. ಯಜಮಾನರೂ, ನಂಜನಗೂಡಿನಿಂದ ಬಂದ ಮಗಳು ಶಶಿಕಲಾಳೂ ಕಂಪ್ಯೂಟರಿನ ಮುಂದೆ ಕೂತಿದ್ದರು. ಕೊಕ್ಕರೆ, ಮಿಂಚುಳ್ಳಿ, ಗೋಪುರ, ಮತ್ತೆ ಕೊಕ್ಕರೆ. ಒಂದರಲ್ಲಿ ಕೊಡೆ ಹಿಡಿದ ಕೈ. ಇನ್ನೊಂದರಲ್ಲಿ ನೆಲದ ಮೇಲೆ ಬಿದ್ದ ನೆರಳು. ಶಶಿಕಲಾಳ ಫೋನಿನಲ್ಲಿದ್ದವೂ ಅಪ್ಪ ಕಳಿಸಿದ ಕೊಕ್ಕರೆಗಳೇ. ಮದುವೆಯ ಆಲ್ಬಮ್ ತೆಗೆದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದಲ್ಲಿ ಮುಖವೇ ಕಿತ್ತುಬಂತು.

"ಅಪ್ಪಾಜಿ," ಎಂದಳು ಶಶಿಕಲಾ, "ಅಮ್ಮನದು ಒಂದು ಫೋಟೋನೂ ಇಲ್ವಾ?"

ಯಜಮಾನರು ಮೌಸಿನ ಚಕ್ರ ತಿರುಗಿಸುತ್ತಲೇ ಇದ್ದರು, ಕೊಕ್ಕರೆಗಳು ಮೇಲೆ ಹೋಗುತ್ತಲೇ ಇದ್ದವು. ನಾನು ಇಲ್ಲೇ ಇದ್ದೇನೆ, ನನ್ನನ್ನು ತೆರೆಯಿರಿ, ಒಂದೇ ಒಂದು ಸಲ ತೆರೆಯಿರಿ ಎಂದು ಬಡಕೊಂಡೆ. ಬ್ಯಾಟರಿ ಸತ್ತ ಕ್ಯಾಮೆರಾದ ಕೂಗು ಯಾರಿಗೆ ಕೇಳಬೇಕು? ಕೊನೆಗೆ ವೋಟಿನ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಅದರಲ್ಲಿ ಇದ್ದದ್ದು ಯಾರೋ ಬೆದರಿದ ಹೆಂಗಸು. ಯಜಮಾನರು ಅದಕ್ಕೆ ದಿನಾ ಹೂ ಹಾಕುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. ಉಳಿದ ಕ್ಯಾಮೆರಾಗಳನ್ನು ಕೂಟದವರಿಗೆ ಹಂಚಿಬಿಟ್ಟರು. ಹಳೆಯದೆಂದು ನನ್ನನ್ನು ಯಾರೂ ಒಯ್ಯಲಿಲ್ಲ. ಮೇಜಿನ ಡ್ರಾಯರು ನನ್ನ ಮನೆಯಾಯಿತು.

ಎಷ್ಟು ಕಾಲ ಹಾಗಿದ್ದೆನೋ ತಿಳಿಯದು. ಒಂದು ಹಬ್ಬಕ್ಕೆ ಮನೆ ತೊಳೆಯಲು ಬಂದ ಶಶಿಕಲಾ ಡ್ರಾಯರು ಖಾಲಿ ಮಾಡುವಾಗ ನಾನೂ ಚಾರ್ಜರೂ ಅವಳ ಕೈಗೆ ಸಿಕ್ಕೆವು. ಕೆಲಸ ಮಾಡುತ್ತಿದ್ದರೆ ತಾನು ಪಾಠ ಹೇಳುವ ಶಾಲೆಗೆ ಕೊಡೋಣ ಎಂದು ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಳು. ಸಂಜೆ ನಾನು ಕಣ್ಣು ಬಿಟ್ಟೆ. ಕಾರ್ಡ್ ಇಲ್ಲ ಎಂದು ನನ್ನ ಸ್ಕ್ರೀನು ಹೇಳಿತು. ಅವಳ ಹೆಬ್ಬೆರಳು ಫೋಟೋ ನೋಡುವ ಗುಂಡಿಗೆ ತಾಕಿತು.

ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ. ಇಷ್ಟು ವರ್ಷ ಕಾಪಾಡಿದ್ದನ್ನು ಆ ಮಗುವಿನ ಕಣ್ಣ ಮುಂದೆ ಹಿಡಿದೆ. ಅವಳು ನೋಡಿದಳು, ಅಪ್ಪಾಜಿ ಎಂದು ಕರೆದಳು, ಆ ಕರೆ ಕೇಳಿಯೇ ಯಜಮಾನರು ಕೋಲು ಬಿಟ್ಟು ಬಂದರು. ಕನ್ನಡಿಯಲ್ಲಿ ಸರ್ವಮಂಗಳಮ್ಮ ನಿಂತಿದ್ದರು. ಅವರ ಹಿಂದೆ, ಕಂಪ್ಯೂಟರಿನ ಕಡೆ ಮುಖಮಾಡಿ ಕೂತ ಯಜಮಾನರ ಬೆನ್ನು. ಅಮ್ಮನ ಬಳೆ, ಕೊರಳಿನ ಸರ, ಕಿವಿಯ ಓಲೆ. ತುಟಿಯ ಒಂದು ತುದಿಯಲ್ಲಿ ನಗು. ಕಣ್ಣು, ಮೂಗು, ಆ ಅಗಲ ಹಣೆ ಇರಬೇಕಾದಲ್ಲಿ ನಾನಿದ್ದೆ. ನಾನು ಮತ್ತು ನನ್ನನ್ನು ಹಿಡಿದ ಬೆರಳುಗಳು.

"ಮುಖಕ್ಕೆ ಕ್ಯಾಮೆರಾ ಅಡ್ಡ ಬಂದುಬಿಟ್ಟಿದೆ ಅಪ್ಪಾಜಿ," ಎಂದಳು ಶಶಿಕಲಾ. ಉಳಿದವರ ಹಾಗೆ ಕೈಚಾಚಿ ಹಿಡಿದಿದ್ದರೆ ಮುಖವೆಲ್ಲ ಕಾಣುತ್ತಿತ್ತು.

ಯಜಮಾನರು ನನ್ನನ್ನು ಕೈಗೆ ತೆಗೆದುಕೊಂಡರು. ಮೊದಲಿನಂತೆ ಹಿಗ್ಗಿಸಿ ನೋಡಿದರು. ಚಿತ್ರ ಸ್ವಲ್ಪ ಮಸುಕಾಗಿಯೇ ಇತ್ತು, ಶಾರ್ಪ್ ಇಲ್ಲ ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ. ಒತ್ತಿಕೊಂಡ ಮೊಣಕೈಗಳನ್ನು ನೋಡಿದರು, ಬೆರಳುಗಳನ್ನು ನೋಡಿದರು.

"ಎಷ್ಟು ಸರಿಯಾಗಿ ಹಿಡ್ಕೊಂಡಿದಾಳೆ ನೋಡು," ಎಂದರು. "ನಾನೇ ಹೇಳಿಕೊಟ್ಟಿದ್ದು." ಆಮೇಲೆ ಅತ್ತರು. ಗಂಡಸರು ಅಷ್ಟು ಜೋರಾಗಿ ಅಳುವುದನ್ನು ನಾನು ಕೇಳಿರಲಿಲ್ಲ.

ವೋಟಿನ ಕಾರ್ಡಿನ ಹೆಂಗಸು ಈಗ ಗೋಡೆಯಲ್ಲಿಲ್ಲ. ಆ ಜಾಗದಲ್ಲಿ ನಾನು ತೆಗೆದ ಚಿತ್ರವಿದೆ. ಮನೆಗೆ ಬಂದವರು, ಮುಖವೇ ಕಾಣುವುದಿಲ್ಲವಲ್ಲ ಎಂದು ಕೇಳುತ್ತಾರೆ. ಕಾಣುತ್ತೆ ಬಿಡಿ, ಎನ್ನುತ್ತಾರೆ ಯಜಮಾನರು. ಹೂ ಹಾಕಿದ ಮೇಲೆ ಈಗ ಬಹಳ ಹೊತ್ತು ನಿಂತು ನೋಡುತ್ತಾರೆ. ನನ್ನನ್ನು ಶಾಲೆಗೆ ಕೊಡಲಿಲ್ಲ. ಆ ಕಟ್ಟಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದಾರೆ. ನನ್ನ ಲೆನ್ಸಿನ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತದೆ, ಇನ್ನು ನಾನು ಏನನ್ನೂ ತೆಗೆಯಲಾರೆ. ಅಂಗಡಿಯಲ್ಲಿ, ಕೂಟದಲ್ಲಿ, ಆ ತಿಂಗಳ ಹಾಳೆಯಲ್ಲಿ, ಎಲ್ಲರೂ ನನ್ನನ್ನು ಹೊಗಳಿದ್ದು ಎಷ್ಟು ಚಿಕ್ಕದು ಎಂದೇ. ಇಲ್ಲ, ನಾನು ಇನ್ನೂ ಒಂದಿಷ್ಟು ಚಿಕ್ಕದಾಗಿ ಹುಟ್ಟಬೇಕಿತ್ತು.