ಇನ್ನೂ ಬಿಸಿಯಿದ್ದ ಶರ್ಟು

ಬೆಳಗಿನ ಹೊತ್ತು ಆ ಲಾಂಡ್ರಿಯಲ್ಲಿ ಮಾತಿಗಿಂತ ಹಬೆಯೇ ಹೆಚ್ಚು. ಗಂಡ ಇಸ್ತ್ರಿ ಪೆಟ್ಟಿಗೆ ತಳ್ಳುತ್ತಿದ್ದರೆ ಹೆಂಡತಿ ಮಡಿಸಿದ ಬಟ್ಟೆಗಳನ್ನು ಕಾಗದದಲ್ಲಿ ಸುತ್ತಿ ದಾರ ಬಿಗಿಯುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಲಾಂಡ್ರಿಯಮ್ಮ. ಅಂಗಡಿಗೆ ಬೇಕಾದ ಬಾಯಿ ಅವಳದು, ತೋಳಿನ ಬಲ ಗಂಡನದು. ಅವನಿಗೆ ಕನಿಕರವೂ ಒಂದಿಷ್ಟು ಜಾಸ್ತಿ. ಅವಳಿಗೆ ಅದೇ ತಲೆನೋವು.

ಹೊರಗೆ ಲಾರಿಯೊಂದು ಗುಂಡಿಯ ನೀರನ್ನು ರಾಚಿಕೊಂಡು ಹೋಯಿತು. ಬಿಳಿ ಶರ್ಟಿನ ಯುವಕನೊಬ್ಬ ಕುತ್ತಿಗೆಯಿಂದ ಸೊಂಟದವರೆಗೆ ಕೆಸರಾಗಿ ನಿಂತುಬಿಟ್ಟ. ದಾರಿಹೋಕರು ಅವನ ಮೈ ತಾಗದಂತೆ ಬಳಸಿಕೊಂಡು ನಡೆದರು. ಒಬ್ಬನಂತೂ ಕಿಸಕ್ಕೆಂದ.

“ಪಾಪ ಕಣೇ.”

“ನಿಮ್ಮ ಪಾಪಕ್ಕೆ ಕೊನೆಯೇ ಇಲ್ಲ ಕಣ್ರೀ. ಕೈ ಆಡಿಸಿ. ಆಚೆ ನಲ್ಲಿ ಇದೆ, ತೊಳ್ಕೋತಾನೆ.”

ಅಷ್ಟರಲ್ಲಿ ಅವನೇ ಬಾಗಿಲಿಗೆ ಬಂದ. “ಅಕ್ಕ, ಒರೆಸ್ಕೊಳ್ಳೋಕೆ ಹಳೇ ಬಟ್ಟೆ ಚೂರೇನಾದ್ರೂ ಸಿಗುತ್ತಾ? ಇವತ್ತು ನನ್ನ ಮದುವೆ. ರಿಜಿಸ್ಟ್ರಾರ್ ಆಫೀಸಲ್ಲಿ ಅವಳು ಕಾಯ್ತಿದ್ದಾಳೆ. ಅವರಪ್ಪ ಮೊದಲೇ ಅರೆಮನಸ್ಸಲ್ಲಿ ಒಪ್ಪಿರೋದು...”

ಲಾಂಡ್ರಿಯಮ್ಮ ಕೊಟ್ಟ ಚಿಂದಿಯಿಂದ ಒರೆಸಿದಷ್ಟೂ ಕೆಸರು ಅಗಲವಾಯಿತು.

ಇಸ್ತ್ರಿ ಮೇಜಿನ ಪಕ್ಕದ ಕಪಾಟಿನಲ್ಲಿ, ಒಗೆಯಲು ಕೊಟ್ಟು ಮರಳಿ ಬಾರದವರ ಬಟ್ಟೆಗಳಿದ್ದವು. ಗಂಡ ಅತ್ತ ಕಣ್ಣು ತೋರಿಸಿದ. “ಸುಮ್ನೆ ಧೂಳು ತಿಂತಿವೆ. ಒಂದು ಕೊಡೇ.”

“ಯಾರದೋ ಬಟ್ಟೆ ದಾನ ಮಾಡೋಕೆ ನಾವ್ಯಾರು? ಇವತ್ತು ಇವನಿಗೆ ಕೊಟ್ರೆ ನಾಳೆ ಊರೇ ಬಂದು ನಿಲ್ಲುತ್ತೆ.”

“ಪರವಾಗಿಲ್ಲ ಬಿಡಿ ಅಕ್ಕ,” ಎಂದು ಯುವಕ ಚಿಂದಿಯನ್ನು ಮಡಿಸಿ, ಜೋಪಾನವಾಗಿ ಕಟ್ಟೆಯ ಮೇಲಿಟ್ಟು ತಿರುಗಿದ.

ಚಿಂದಿಯನ್ನೂ ಮಡಿಸಿಟ್ಟವನನ್ನು ಅವಳು ಅದುವರೆಗೆ ಕಂಡಿರಲಿಲ್ಲ. “ಏ, ನಿಲ್ಲಪ್ಪ,” ಎಂದವಳೇ ತನ್ನ ಮೇಲೇ ಸಿಡುಕುತ್ತ, ಕಪಾಟಿನ ಮೇಲೆ ಕೈಗೆ ಸಿಕ್ಕ ಬಿಳಿ ಶರ್ಟನ್ನು ನೋಡದೆಯೇ ಎಳೆದು ಅವನತ್ತ ಚಾಚಿದಳು. “ಹಾಕ್ಕೊಂಡು ಓಡು. ವಾಪಸ್ ತಂದ್ಕೊಡ್ಬೇಕು, ಗೊತ್ತಾಯ್ತಾ?” ಶರ್ಟು ಬೆಚ್ಚಗಿತ್ತು. ಇಸ್ತ್ರಿ ಪಕ್ಕದಲ್ಲೇ ಇದ್ದರೆ ಇನ್ನೇನಾಗುತ್ತೆ ಅಂದುಕೊಂಡಳು.

ಯುವಕ ಬೀದಿಯ ತಿರುವು ದಾಟಿದ ಮೇಲೆ ಗಂಡನ ಕೈ ನಿಂತಿತು. “ಕಡಕ್ ಕಾಲರ್ ಸಾಹೇಬ್ರ ಶರ್ಟೆಲ್ಲೇ? ಆರಲಿ ಅಂತ ಕಪಾಟಿನ ಮೇಲೆ ಹರಡಿದ್ನಲ್ಲ?”

ಗಂಜಿ ಹಾಕಿದ ಕಾಲರನ್ನು ಬಿಸಿಯಲ್ಲೇ ಮಡಿಸಿದರೆ ಸುಕ್ಕು ಬೀಳುತ್ತದೆ, ಅದಕ್ಕೇ ಹರಡಿಡುವುದು. ಸಾಹೇಬರಿಗೆ ಕಾಲರ್ ರಟ್ಟಿನಂತೆ ನಿಲ್ಲಬೇಕು, ಇಲ್ಲದಿದ್ದರೆ ಶರ್ಟನ್ನು ಮುಖಕ್ಕೇ ಎಸೆಯುವ ಪೈಕಿ. ಅವರ ಕಚೇರಿಯ ಅಷ್ಟೂ ಜನ ಇಲ್ಲಿಗೆ ಬಟ್ಟೆ ಹಾಕುತ್ತಿದ್ದುದು ಅವರ ಮಾತಿನ ಮೇಲೆ. ಅವರು ಮುನಿದರೆ ಅರ್ಧ ಅಂಗಡಿ ಖಾಲಿ. ಅದೂ ಇವತ್ತು ಅವರಿಗೆ ಬೀಳ್ಕೊಡುಗೆ ಸಮಾರಂಭ.

ಸ್ವಲ್ಪ ಹೊತ್ತಿಗೆಲ್ಲ ಸಾಹೇಬರು ಬಂದೇಬಿಟ್ಟರು.

“ಸಾರ್, ಬೆಳಿಗ್ಗೆಯಿಂದ ಕರೆಂಟು...” ಗಂಡ ತೊದಲಿದ.

“ಕರೆಂಟೂ ಇಲ್ಲ, ಮಣ್ಣೂ ಇಲ್ಲ,” ಎಂದಳು ಅವಳು. “ನಿಮ್ಮ ಶರ್ಟು ಈಗ ಒಬ್ಬ ಮದುವೆ ಗಂಡಿನ ಮೈಮೇಲಿದೆ ಸಾರ್. ನೋಡದೆ ಕೊಟ್ಟವಳು ನಾನೇ.” ನಡೆದದ್ದನ್ನೆಲ್ಲ ಹೇಳಿದಳು.

“ನನ್ನ ಶರ್ಟನ್ನ ಕಂಡಕಂಡವರಿಗೆ ಕೊಡೋಕೆ ಇದೇನು ನಿಮ್ಮಪ್ಪನ ಮನೆ ಗಂಟಾ? ಯಾರವನು?”

“ಹೆಸರು ಕೇಳ್ಲಿಲ್ಲ ಸಾರ್.”

“ಹೆಸರೂ ಕೇಳ್ದೆ ಕೊಟ್ರಾ!”

“ಕೆಸರು ಕಂಡ್ತು ಸಾರ್. ಹೆಸರು ಕೇಳಬೇಕು ಅನ್ನಿಸ್ಲಿಲ್ಲ.”

ಸಾಹೇಬರು ಕೆಸರು ತುಂಬಿದ ಬೀದಿಯತ್ತ ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, “ಕಾಲರ್ ನೆಟ್ಟಗೆ ಕೂತಿತ್ತಾ?” ಎಂದರು.

“ನಿಮಗಿಂತ ಅವನಿಗೇ ಚೆನ್ನಾಗೊಪ್ಪಿತ್ತು ಸಾರ್!” ಗಂಡನ ಬಾಯಿ ಜಾರಿತು. ಲಾಂಡ್ರಿಯಮ್ಮ ಅವನ ಕಾಲು ತುಳಿದಳು. ಆದರೆ ಸಾಹೇಬರ ಮೀಸೆಯಡಿ ನಗು ಹಣಕಿತ್ತು.

ಅದೇ ಕಪಾಟಿನಿಂದ ಅವಳು ಯಾರದೋ ಹಳೆಯ ಚೌಕಳಿ ಶರ್ಟು ತೆಗೆದು, ತಾನೇ ಇಸ್ತ್ರಿ ಹಾಕಿ ಸಾಹೇಬರಿಗೆ ತೊಡಿಸಿ ಕಳಿಸಿದಳು. ಗಂಜಿ ಹಾಕಲು ಹೊತ್ತಿರಲಿಲ್ಲ.

ಮರುದಿನ ಮದುವೆ ಗಂಡು ಹೆಂಡತಿಯೊಂದಿಗೆ ಬಂದು ಶರ್ಟು ಒಪ್ಪಿಸಿದ. “ಮಾವ ನೋಡಿದ ತಕ್ಷಣ, ‘ಪರವಾಗಿಲ್ಲ, ಹುಡುಗ ಶಿಸ್ತಿನವನು’ ಅಂದ್ರು ಅಕ್ಕ!” ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಶರ್ಟನ್ನು ಅವಳೇ ಒಗೆದಿದ್ದಳು. ಕಾಲರ್ ಬಾಡಿದ ಎಲೆಯಂತಿತ್ತು.

ಸಂಜೆ ಸಾಹೇಬರು ಚೌಕಳಿ ಶರ್ಟು ಹಿಂದಿರುಗಿಸಲು ಬಂದರು. “ನಿನ್ನೆ ನಮ್ಮ ಜವಾನ ಬಂದು ಹೆಗಲ ಮೇಲೆ ಕೈ ಹಾಕಿದ ಕಣಮ್ಮ. ಇಷ್ಟು ವರ್ಷದಲ್ಲಿ ಮೊದಲ ಸಲ. ಈ ಶರ್ಟು ನೋಡಿ ಧೈರ್ಯ ಬಂತಂತೆ.”

ಲಾಂಡ್ರಿಯಮ್ಮ ಬಿಳಿ ಶರ್ಟನ್ನು ಮುಂದೆ ಚಾಚಿ, “ಇನ್ನೊಂದ್ಸಲ ಒಗೆದು ಕಾಲರ್ ನಿಲ್ಲಿಸ್ಕೊಡ್ತೀನಿ ಸಾರ್, ನಾಳೆ ಬನ್ನಿ,” ಎಂದಳು.

“ಒಗೀರಿ. ಆದ್ರೆ ನನಗೆ ಬೇಡ, ಆ ಕಪಾಟಲ್ಲೇ ಇಡಿ.” ಮೆಟ್ಟಿಲಿಳಿದವರು ತಿರುಗಿ ನಿಂತರು. “ಮತ್ತೆ, ಗಂಜಿ ಕಮ್ಮಿ ಹಾಕಮ್ಮ. ಯಾರ ಕುತ್ತಿಗೆಗೆ ಬರುತ್ತೋ ಏನೋ.”