ನಾಲ್ಕು ಗ್ರಾಮಿನಿಂದ ಶುರುವಾದದ್ದು

ನಿಶ್ಚಿತಾರ್ಥ ಡಿಸೆಂಬರಿನ ಎರಡನೆಯ ಭಾನುವಾರ ಎಂದು ಗೊತ್ತಾದ ದಿನದಿಂದ ರಮಾಕಾಂತನ ತಾಯಿ ಊರ್ಮಿಳಕ್ಕನಿಗೆ ಒಂದೇ ಯೋಚನೆ: ಹುಡುಗಿಯ ಕಡೆಯವರು ಎಷ್ಟು ಗ್ರಾಮಿನ ಉಂಗುರ ಹಾಕುತ್ತಾರೆ? ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಅವರದು ಠಾಣೆ ಸ್ಟೇಷನ್ನಿನ ಹತ್ತಿರ ಹೋಟೆಲು. ಇವರದು ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮಹಾಪೆಯ ಬಣ್ಣದ ಕಾರ್ಖಾನೆಯಿಂದ ಬರುವ ಮಗನ ತಿಂಗಳ ಮೂರು ಸಾವಿರದ ಇನ್ನೂರು ರೂಪಾಯಿ.

ಕಂಪನಿ ಬಸ್ಸಿನಲ್ಲಿ ಪಕ್ಕ ಕೂರುವ ಮನೀಶ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದ. ವಿಲಾಯತಿಯಲ್ಲಿ ಗಂಡಸರು ಎರಡು ತಿಂಗಳ ಸಂಬಳವನ್ನು ಉಂಗುರಕ್ಕೆ ಸುರಿಯುತ್ತಾರಂತೆ. ರಮಾಕಾಂತ ಅದನ್ನು ಮನೆಯಲ್ಲಿ ಹೇಳಿಯೂ ಹೇಳಿದ.

"ಆ ಎರಡು ತಿಂಗಳು ಅವರು ಎಂತ ತಿಂತಾರಂತೆ?" ಎಂದು ಕೇಳಿ ಊರ್ಮಿಳಕ್ಕ ಕುಕ್ಕರಿನ ಮುಚ್ಚಳ ಹಾಕಿದಳು. ಚಿನ್ನ ಗ್ರಾಮಿಗೆ ನಾನೂರೈವತ್ತು ನಡೆಯುತ್ತಿದ್ದ ಕಾಲ. ಹುಡುಗಿಗೆ ಹಾಕುವುದು ನಾಲ್ಕು ಗ್ರಾಮು ಎಂದು ಅವಳೇ ತೀರ್ಮಾನ ಮಾಡಿ, ಶನಿವಾರ ಮಗನನ್ನು ಎಳೆದುಕೊಂಡು ಕಲ್ಯಾಣಕ್ಕೆ ಹೊರಟಳು.

ಕಲ್ಯಾಣದಲ್ಲಿ ಅಕ್ಕಸಾಲಿಗ ದೇವದಾಸ ಆಚಾರ್ಯರ ಅಂಗಡಿ. ಆ ರೈಲು ಲೈನಿನಲ್ಲಿದ್ದ ಉಡುಪಿ ಕಡೆಯವರ ಚಿನ್ನವೆಲ್ಲ ಅವರ ಕೈಯಲ್ಲೇ ತಯಾರಾಗುತ್ತಿತ್ತು. ಹುಡುಗಿಯ ತಂದೆ ತಾರಾನಾಥರೂ ಅಲ್ಲಿಗೇ ಬರುವವರು. ಆಚಾರ್ಯರು ಊದುಗೊಳವೆ ಬಾಯಲ್ಲಿಟ್ಟು ಯಾವುದೋ ಸರಕ್ಕೆ ಬೆಸುಗೆ ಹಾಕುತ್ತಿದ್ದರು.

"ನಮಗೆ ನಾಲ್ಕು ಸಾಕು ಅಂತ ಉಂಟು," ಎಂದಳು ಊರ್ಮಿಳಕ್ಕ. ಆಮೇಲೆ ಸೀರೆಯ ಸೆರಗು ಸರಿ ಮಾಡಿಕೊಳ್ಳುತ್ತ, "ತಾರಾನಾಥರು ಬಂದಿದ್ರಾ?"

"ಹ್ಞೂಂ."

"ಅವರದ್ದು ಐದಾ?"

"ಹ್ಞೂಂ."

"ಹಾಗಾದ್ರೆ ನಮ್ಮದು ಆರು ಬರ್ಕೊಳ್ಳಿ," ಎಂದಳು ಊರ್ಮಿಳಕ್ಕ, ಮಗನ ಮುಖವನ್ನೂ ನೋಡದೆ.

ಮರುದಿನ ತಾರಾನಾಥರು ಬಂದು ಕೇಳಿದರಂತೆ, ಏಳು ಬರೆಸಿ ಹೋದರಂತೆ. ಮುಂದಿನ ವಾರ ಊರ್ಮಿಳಕ್ಕ ಎಂಟೂವರೆಗೆ ಏರಿದಳು, ಅವರು ಒಂಬತ್ತೂವರೆಗೆ. ಮೂರನೆಯ ವಾರ ಇವರದು ಹನ್ನೊಂದಕ್ಕೆ ನಿಂತಿತು. ಅಷ್ಟು ಭಾರದ್ದು ಹೇಗಿರುತ್ತದೆಂದು ತೋರಿಸಲು ಆಚಾರ್ಯರು ಒಂದು ಹಿತ್ತಾಳೆಯ ಮಾದರಿ ಕೊಟ್ಟರು. ರಮಾಕಾಂತ ಅದನ್ನು ಬೆರಳಿಗೆ ಹಾಕಿ ನೋಡಿದ. ಕಾರ್ಖಾನೆಯ ಪೈಪಿನ ನಟ್ಟಿನ ಹಾಗೇ ಇತ್ತು. ಭವಿಷ್ಯನಿಧಿಯಿಂದ ಮುಂಗಡ ತೆಗೆಯಲು ಅರ್ಜಿ ಎಲ್ಲಿ ಸಿಗುತ್ತದೆಂದು ಅವನು ಮನೀಶನನ್ನು ಕೇಳುವ ಸ್ಥಿತಿಗೆ ಬಂದಿದ್ದ.

ಅರ್ಜಿಯ ಬದಲು ಅವನು ಒಂದು ಟೆಲಿಫೋನ್ ಬೂತಿಗೆ ಹೋದ. ಹುಡುಗಿ, ಶ್ರೀಪ್ರಿಯಾ, ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟು. ಅವರಿಬ್ಬರು ಈವರೆಗೆ ಮಾತಾಡಿದ್ದು ಚಹಾಕ್ಕೆ ಸಕ್ಕರೆ ಸಾಕೇ ಎಂಬ ವಿಷಯ ಮಾತ್ರ.

"ನಾನು ರಮಾಕಾಂತ."

"ಯಾವ ರಮಾಕಾಂತ?"

"ಡಿಸೆಂಬರ್ ಎರಡನೇ ಭಾನುವಾರದವನು."

ಆ ಕಡೆ ಟೈಪ್‌ರೈಟರು ನಿಂತಿತು. ಅವನು ಒಂದೇ ಉಸಿರಿಗೆ ಉಂಗುರದ ವಿಷಯ ಹೇಳಿದ.

"ಅರೇ, ಏರಿಸ್ತಾ ಇರೋದು ನೀವಲ್ವಾ?" ಎಂದಳು ಶ್ರೀಪ್ರಿಯಾ. "ಪಪ್ಪಾ ಈಗ ಹನ್ನೆರಡಕ್ಕೆ ಹೊರಟಿದ್ದಾರೆ. ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಕೂತು ಬರೀ ನಿಟ್ಟುಸಿರು ಬಿಡ್ತಾರೆ. ಭಾನುವಾರ ಕಲ್ಯಾಣಕ್ಕೆ ಬನ್ನಿ, ಆ ಆಚಾರ್ಯರನ್ನೇ ಕೇಳುವಾ."

ಭಾನುವಾರ ಇಬ್ಬರೂ ಆಚಾರ್ಯರ ಮುಂದೆ ನಿಂತರು. ಶ್ರೀಪ್ರಿಯಾ ಮೊದಲು ಮಾಡಿದ ಕೆಲಸವೆಂದರೆ, "ಅದನ್ನು ಸ್ವಲ್ಪ ಕೆಳಗಿಡಿ," ಎಂದು ಊದುಗೊಳವೆ ಇಡಿಸಿದ್ದು. ಆಮೇಲೆ, ಮೊದಲು ಐದು ಎಂದವರು ಯಾರೆಂದು ಕೇಳಿದಳು.

"ಯಾರೂ ಹೇಳ್ಲಿಲ್ಲ ಮಾರಾಯ್ತಿ," ಎಂದರು ಆಚಾರ್ಯರು. "ಬಾಯಲ್ಲಿ ಇದು ಇರುವಾಗ ಯಾರು ಎಂತ ಕೇಳಿದ್ರೂ ನಾನು ಹ್ಞೂಂ ಅಂತೇನೆ. ಇಲ್ಲ ಅನ್ಲಿಕ್ಕೆ ತಲೆ ಆಡಿಸ್ಬೇಕು. ತಲೆ ಆಡಿಸಿದ್ರೆ ಬೆಂಕಿ ಆಡ್ತದೆ, ಬೆಸುಗೆ ಹಾಳು."

"ಪಪ್ಪಾ ಮೊದಲು ಬರೆಸಿದ್ದು ಎಷ್ಟು?"

ಆಚಾರ್ಯರು ಪುಸ್ತಕ ತಿರುಗಿಸಿದರು. "ಮೂರೂವರೆ."

ರಮಾಕಾಂತನಿಗೆ ನಗು ತಡೆಯಲಾಗಲಿಲ್ಲ. ಶ್ರೀಪ್ರಿಯಾ ಕೂಡ ಕರ್ಚೀಫು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದು ಮಾತಾಯಿತು.

ಹೇಳಿದರು. ಅದೇ ತಪ್ಪಾಯಿತು.

"ಮೂರೂವರೆಯಾ?" ಎಂದಳು ಊರ್ಮಿಳಕ್ಕ. "ಹೋಟೆಲು ಇಟ್ಟುಕೊಂಡು ಮೂರೂವರೆಯಾ? ಹಾಗಾದ್ರೆ ನಮ್ಮದು ಮೂರು ಸಾಕು." ಸುದ್ದಿ ಠಾಣೆ ತಲುಪಿದ್ದೇ ತಾರಾನಾಥರು ಎರಡೂವರೆಗೆ ಇಳಿದರು. ಊರ್ಮಿಳಕ್ಕ ಎರಡಕ್ಕೆ. ಗುರುವಾರ ಅವರು ಒಂದೂವರೆ ಎಂದರು.

"ಇನ್ನೆರಡು ದಿನ ಬಿಟ್ರೆ ಬೆಳ್ಳಿಗೆ ಬರ್ತಾರೆ," ಎಂದಳು ಶ್ರೀಪ್ರಿಯಾ ಫೋನಿನಲ್ಲಿ. ಆಮೇಲೆ, "ನಿಮಗೆ ಎಷ್ಟು ಖರ್ಚು ಮಾಡಬೇಕು ಅಂತ ಇದೆ?" ಎಂದು ಕೇಳಿದಳು.

ಒಂದು ತಿಂಗಳಿನಿಂದ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಬೂತಿನ ಮೀಟರು ಓಡುತ್ತಿತ್ತು. ಏನೋ ಚೆಂದದ ಮಾತು ಹೇಳಬೇಕೆಂದು ರಮಾಕಾಂತನಿಗೆ ಅನಿಸಿತು, ಆದರೆ ಬಾಯಿಗೆ ಬಂದದ್ದು, "ನನ್ನ ಹತ್ರ ಸಾವಿರದ ಆರುನೂರು ಉಂಟು."

"ನನ್ನ ಹತ್ರ ಸಾವಿರದ ಏಳುನೂರು. ಮೂರು ಮೂರು ಗ್ರಾಮು ಆಗ್ತದೆ. ಚಲೇಗಾ?"

"ಚಲೇಗಾ," ಎಂದ ರಮಾಕಾಂತ.

ನಿಶ್ಚಿತಾರ್ಥದ ಹಿಂದಿನ ದಿನ ಉಂಗುರಗಳು ತಯಾರಾದವು. ಇಬ್ಬರೂ ಅಂಗಡಿಗೆ ಹೋಗಿ ದುಡ್ಡು ಕೊಟ್ಟು, ಅಳತೆ ಸರಿಯಿದೆಯೇ ನೋಡೋಣವೆಂದು ಹಾಕಿಕೊಂಡರು. ರಮಾಕಾಂತನದು ಸಲೀಸಾಗಿ ಹೋಗಿ ಸಲೀಸಾಗಿ ಬಂತು. ಶ್ರೀಪ್ರಿಯಾಳದು ಹೋಯಿತು, ಬರಲಿಲ್ಲ. ಆಚಾರ್ಯರು ಸೋಪು ತರಿಸಿದರು, ತೆಂಗಿನೆಣ್ಣೆ ತರಿಸಿದರು. ರಮಾಕಾಂತ ಇಪ್ಪತ್ತು ನಿಮಿಷ ಅವಳ ಕೈ ಹಿಡಿದುಕೊಂಡು ಕೂತ, ಆರು ಗಿರಾಕಿಗಳ ಎದುರಿಗೆ, ಮೊಣಕೈವರೆಗೆ ನೊರೆ. ಅವನ ಕಿವಿ ಕೆಂಪಾಗಿತ್ತು.

"ಕತ್ತರಿಸಲಾ?" ಎಂದು ಆಚಾರ್ಯರು ಇಕ್ಕಳ ಎತ್ತಿದರು.

"ಬೇಡ," ಎಂದು ಶ್ರೀಪ್ರಿಯಾ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳು ಅಷ್ಟು ಬೇಗ ಹೇಳಿದ್ದು ರಮಾಕಾಂತನಿಗೆ ತುಂಬ ಹಿತವಾಯಿತು.

ಉಂಗುರ ಹಾಕಿಕೊಂಡೇ ಅವಳು ಠಾಣೆಗೆ ಹೋದಳು. ಹೋಟೆಲಿನಲ್ಲಿ ತಾರಾನಾಥರು ಮಗಳ ಬೆರಳು ನೋಡಿದರು, ಇಬ್ಬರೂ ತಮ್ಮ ತಮ್ಮ ದುಡ್ಡು ಹಾಕಿದರೆಂದು ಕೇಳಿದರು, ಒಂದು ಗಳಿಗೆ ಸಿಟ್ಟು ಮಾಡುವುದೋ ಬೇಡವೋ ಎಂದು ನಿಂತರು. ಆಮೇಲೆ ಅಡುಗೆಯವರಿಗೆ ಕೂಗಿ ಹೇಳಿದರು, "ನಾಳೆಗೆ ಹೋಳಿಗೆಯೂ ಇರಲಿ." ಡೊಂಬಿವಲಿಯಲ್ಲಿ ಊರ್ಮಿಳಕ್ಕ ಮಗನ ಮೇಲೆ ರಾತ್ರಿ ಊಟದ ತನಕ ಮುನಿಸಿಕೊಂಡಳು, ಊಟಕ್ಕೆ ಅವನ ತಟ್ಟೆಗೆ ಒಂದು ಹಪ್ಪಳ ಹೆಚ್ಚು ಹಾಕಿದಳು.

ಮರುದಿನ ಪುರೋಹಿತರು ಉಂಗುರ ಹಾಕಪ್ಪಾ ಎಂದಾಗ ಉಂಗುರ ಬೆರಳಲ್ಲೇ ಇತ್ತು. ಬೆರಳಿನ ಗಂಟಿನವರೆಗೆ ಎಳೆದು ಮತ್ತೆ ಕೆಳಗೆ ತಳ್ಳಿದರೆ ಶಾಸ್ತ್ರ ಆಗುತ್ತದೆ ಎಂದರು ಅವರು. ರಮಾಕಾಂತ ಹಲ್ಲು ಕಚ್ಚಿ ಎಳೆದ, ಶ್ರೀಪ್ರಿಯಾ ನೋವಿಗೆ ಮುಖ ಕಿವುಚಿದಳು, ಫೋಟೋದವನು ಸರಿಯಾಗಿ ಆಗಲೇ ಫ್ಲ್ಯಾಶ್ ಹೊಡೆದ. ಆ ಫೋಟೋ ಇವತ್ತಿಗೂ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ನೋಡಿದವರು, ಇವನು ಉಂಗುರ ಕಸಿದುಕೊಳ್ಳುತ್ತಿರುವುದು ಯಾಕೆ ಎಂದು ಕೇಳುತ್ತಾರೆ. ಶ್ರೀಪ್ರಿಯಾ ಗಂಡನ ಮುಖ ನೋಡಿ, "ಆಗಲೇ ಮನಸ್ಸು ಬದಲಾಗಿತ್ತು ಇವರಿಗೆ," ಎನ್ನುತ್ತಾಳೆ.